ಹೈಸ್ಕೂಲ್ ಹುಡುಗ್ರು ರೆಕಾರ್ಡಿಂಗ್ ಕಲಿಬೇಕಂದ್ರ ಎಲ್ಲಿಂದ ಶುರು ಮಾಡ್ಬೇಕು?

ಪ್ರತಿಭಾ ಕಾರಂಜಿ ಬಂತಂದ್ರ ಸಾಕು, ನಮ್ ಬಳ್ಳಾರಿ ಕಡೆ ಒಂದೊಂದ್ ಹೈಸ್ಕೂಲಿನಾಗೂ ಭಾವಗೀತೆ, ಜನಪದ ಗೀತೆ ಅಂತ ಹಾಡೋರ ಸಾಲೇ ನಿಂತಿರ್ತೈತಿ, ಹಾಡೋರಿಗೆ ನಮ್ಮಲ್ಲಿ ಯಾವತ್ತೂ ಬರ ಇಲ್ಲ. ಈಗೀಗ ಹಾಡೋರ ಬಾಜೂಕ ಇನ್ನೊಂದು ನಮೂನಿ ಹುಡುಗ್ರು ಕಾಣಾಕತ್ಯಾರ, ಹಾಡಿದ್ದನ್ನ ಫೋನಿನಾಗ ಹಿಡಿದು, ಕಟ್ ಮಾಡಿ, ಎಕೋ ಹಾಕಿ, ಸಂಜಿ ಆಗೋದ್ರೊಳಗ ಗ್ರೂಪಿಗೆ ಬಿಡೋರು. ಅವ್ರು ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ, "ಸರ್, ಯಾವ ಮೈಕ್ ತಗೊಳ್ಲಿ?" ನಾನು ಹೇಳೋದೂ ಒಂದೇ, ಇನ್ನೊಂದ್ ಮೂರ್ನಾಕು ತಿಂಗ್ಳು ಏನೂ ತಗೋಬ್ಯಾಡಪ್ಪ. ಮಾರಿ ಸಪ್ಪಗಾಗ್ತೈತಿ ಅವ್ರದು, ಯೂಟ್ಯೂಬಿನಾಗ ನೋಡಿದ್ರ ಎಲ್ಲಾರೂ ಮೈಕ್ ರಿವ್ಯೂನೇ ಮಾಡ್ತಿರ್ತಾರಲ್ಲ.

ವಿಷಯ ಏನಂದ್ರ, ರೆಕಾರ್ಡಿಂಗ್ ಅನ್ನೋದು ಒಂದರ ಹಿಂದ ಒಂದು ನಡಿಯೋ ಕೆಲಸ. ಮೊದ್ಲು ಹಾಡೋರ ಗಂಟಲು ಇಲ್ಲಾ ವಾದ್ಯ, ಆಮ್ಯಾಲ ಅದು ಮೊಳಗೋ ರೂಮು, ಆಮ್ಯಾಲ ಮೈಕ್ ಇಟ್ಟ ಜಾಗ, ಆಮ್ಯಾಲ ಲೆವೆಲ್ಲು (ಎಷ್ಟು ಜೋರಾಗಿ ಹಿಡಿಬೇಕು ಅನ್ನೋದು), ಅದಾದ್ಮ್ಯಾಲ ಮೈಕಿನಿಂದ ಬಂದ ಕರೆಂಟನ್ನ ನಂಬರ್ ಮಾಡೋದು, ಕಡೀಕ ಎಡಿಟಿಂಗು, ಮಿಕ್ಸಿಂಗು (ಎಲ್ಲಾ ದನಿ ಅಳತಿಗೆ ತಂದು ಕೂಡಿಸೋದು). ಹಿಂದ ಕೆಟ್ಟಿದ್ದನ್ನ ಮುಂದ ಬಂದು ಸರಿ ಮಾಡಾಕ ಆಗೋದು ಭಾಳ ಕಮ್ಮಿ. ಮೊದಲ ಮೂರಕ್ಕ ರೊಕ್ಕ ಬೇಕಿಲ್ಲ, ಆದ್ರ ಕೆಡೋದು ಅಲ್ಲೇ ಜಾಸ್ತಿ, ಕಲಿಯೋದೂ ಅಲ್ಲಿಂದಲೇ ಆಗ್ಬೇಕು ಅನ್ನೋದು ನನ್ ಲೆಕ್ಕ.

ಒಂಬತ್ತನೇ ಕ್ಲಾಸಿನ ವಿಜ್ಞಾನದಾಗ ಶಬ್ದದ ಪಾಠ ಐತಲ್ಲ, ಪರೀಕ್ಷೆಗಂತ ಬಾಯಿಪಾಠ ಮಾಡಿ ಬಿಟ್ಟುಬಿಡ್ತೀವಿ, ಈ ಕೆಲಸದ ಅರ್ಧ ಬುನಾದಿ ಅದ್ರಾಗೇ ಐತಿ. ಗಾಳಿ ಸೆಕೆಂಡಿಗೆ ಎಷ್ಟು ಸಲ ನಡುಗ್ತೈತಿ ಅನ್ನೋದೇ ಹರ್ಟ್ಜ್, ಅದು ಜಾಸ್ತಿ ಆದಂಗ ಸ್ವರ ಏರ್ತೈತಿ, ನಮ್ ಕಿವಿಗೆ 20 ಹರ್ಟ್ಜಿನಿಂದ 20,000 ಹರ್ಟ್ಜ್ ತನಕ ಕೇಳಿಸ್ತೈತಿ, ವಯಸ್ಸಾದಂಗ ಮ್ಯಾಲಿಂದು ಕಮ್ಮಿ ಆಗ್ತಾ ಹೋಗ್ತೈತಿ (ಹಂಗಾಗಿ ಹೈಸ್ಕೂಲ್ ಹುಡುಗ್ರ ಕಿವಿ ನಮ್ ಕಿವಿಗಿಂತ ಚೊಲೋ, ಇದು ಅವ್ರಿಗೆ ಗೊತ್ತಿರಂಗಿಲ್ಲ). ಶಬ್ದ 20 ಡಿಗ್ರಿ ಬಿಸಿಯಾಗ ಸೆಕೆಂಡಿಗೆ ಸುಮಾರು 343 ಮೀಟರ್ ಓಡ್ತೈತಿ, ನಮ್ ಬ್ಯಾಸಿಗಿ 40 ಡಿಗ್ರಿಯಾಗ 355ರ ಹತ್ರ. ಕೊಪ್ಪಳದ ಗವಿಮಠದ ಜಾತ್ರಿಯಂಥ ದೊಡ್ಡ ಬಯಲಿನಾಗ ಸ್ಟೇಜಿಂದ 100 ಮೀಟರ್ ಹಿಂದ ಕುಂತೋರಿಗೆ ಸ್ಟೇಜಿನ ಸ್ಪೀಕರಿನ ಮಾತು ಮುಟ್ಟಾಕ 0.29 ಸೆಕೆಂಡ್ ಬೇಕು, ಆದ್ರ ವೈರಿನಾಗ ಬಂದ ಮಾತು ಅವ್ರ ಪಕ್ಕದ ಕಂಬದ ಸ್ಪೀಕರಿನಾಗ ಆಗಲೇ ಬಂದುಬಿಟ್ಟಿರ್ತೈತಿ, ಎರಡೂ ಹಿಂದ ಮುಂದ ಕೇಳಿ ಒಂದೂ ತಿಳಿಯಂಗಿಲ್ಲ. ಕೆಲಸ ಗೊತ್ತಿರೋ ಮೈಕ್ ಸೆಟ್ಟಿನವ್ರು ಆ ಹಿಂದಿನ ಸ್ಪೀಕರಿಗೆ ಅಷ್ಟೇ ಡಿಲೇ ಹಾಕ್ತಾರ. ದೂರ ಭಾಗಿಸು ವೇಗ, ಇಷ್ಟೇ ಲೆಕ್ಕ.

ಅದೇ ಪಾಠದಾಗ ಪ್ರತಿಧ್ವನಿ ಬ್ಯಾರೆಯಾಗಿ ಕೇಳಬೇಕಂದ್ರ ಗ್ವಾಡಿ ಕಮ್ಮಿ ಅಂದ್ರೂ 17.2 ಮೀಟರ್ ದೂರ ಇರ್ಬೇಕು ಅಂತೈತಿ, ಯಾಕಂದ್ರ ಹೋಗಿ ಬರಾಕ 0.1 ಸೆಕೆಂಡ್ ಆಗ್ಬೇಕು. ಇದನ್ನ ಓದಿದ ಹುಡುಗ್ರು ನಮ್ ಹತ್ತಡಿ ರೂಮಿನಾಗ ಪ್ರತಿಧ್ವನಿ ಇಲ್ಲ ಅಂದ್ಕೊಂಡಿರ್ತಾರ. ಅಲ್ಲೂ ಗ್ವಾಡಿಗೆ ಬಡಿದು ವಾಪಸ್ ಬರ್ತೈತಿ, ಆದ್ರ ಬ್ಯಾರೆ ಅಂತ ಕೇಳಂಗಿಲ್ಲ, ಮೂಲ ಶಬ್ದದಾಗ ಕಲಸಿ ಹೋಗ್ತೈತಿ. ಎದುರಿಗೆ ಕುಂತು ಕೇಳೋವಾಗ ಎರಡು ಕಿವಿ, ಒಂದು ತಲಿ ಸೇರಿ ಆ ಕಲಬೆರಕಿನ ಜರಡಿ ಹಿಡಿದುಬಿಡ್ತಾವು, ನಮಗ ಹಾಡಷ್ಟೇ ಕೇಳ್ತೈತಿ. ಮೈಕಿಗೆ ತಲಿ ಇಲ್ಲ, ಬಂದಿದ್ದನ್ನೆಲ್ಲಾ ಹಿಡಿದು ಇಡ್ತೈತಿ. ಅದಕ್ಕೇ "ಎದುರಿಗೆ ಇಷ್ಟು ಚಂದ ಹಾಡಿದ್ಲು, ಫೋನಿನಾಗ ಬಾವಿ ಒಳಗಿಂದ ಹಾಡಿದಂಗ ಬಂದೈತಲ್ರೀ" ಅನ್ನೋ ತಕರಾರು.

ಮೊದಲ ಕೆಲಸ, ಖಾಲಿ ಕ್ಲಾಸ್‌ರೂಮಿನಾಗ ನಿಂತು ಒಂದು ಚಪ್ಪಾಳೆ ಹೊಡೀರಿ. ನಮ್ ಸ್ಕೂಲ್ ರೂಮು ಹೆಂಗಿರ್ತಾವು, ಕೆಳಗ ಬಂಡಿಕಲ್ಲು, ಮ್ಯಾಲ ಆರ್‌ಸಿಸಿ, ನಾಕೂ ಕಡೆ ಸಿಮೆಂಟ್ ಗಿಲಾವು, ಚಪ್ಪಾಳೆ ಹೊಡದ್ರ ಹಿಂದ "ಟ್ರ್‌ರ್‌ರ್" ಅಂತ ಸಣ್ಣಗ ಒಂದು ಬಾಲ ಬರ್ತೈತಿ, ಎದುರು ಬದುರು ಎರಡು ಗ್ವಾಡಿ ನಡುವ ಶಬ್ದ ಚೆಂಡಾಟ ಆಡೋದು ಅದು. ಈಗ ಮನಿಗೆ ಹೋಗಿ ಹಾಸಿಗಿ ಕೌದಿ ಒಟ್ಟಿದ ಮೂಲ್ಯಾಗ ಹೊಡೀರಿ, ಆಮ್ಯಾಲ ಬೇವಿನ ಗಿಡದ ಕೆಳಗ ಬಯಲಿನಾಗ ಹೊಡೀರಿ. ಮೂರೂ ಕಡೆ ಅದೇ ಫೋನು, ಅದೇ ಒಂದು ಮೊಳ ದೂರ, ಅದೇ ಎರಡು ಸಾಲು ಹಾಡು ರೆಕಾರ್ಡ್ ಮಾಡಿ ಕಣ್ಣು ಮುಚ್ಚಿ ಕೇಳಿದ್ರ, ಮೈಕ್ ಬದಲಿ ಮಾಡದೇನೇ ಮೂರು ಬ್ಯಾರೆ ಬ್ಯಾರೆ ಮೈಕಿನಾಗ ಹಾಡಿದಷ್ಟು ಫರಕ್ ಗೊತ್ತಾಗ್ತೈತಿ.

ಬೇಸಿನ (ಕೆಳಗಿನ ದಪ್ಪ ಸ್ವರದ) ಕಥಿ ಇನ್ನೂ ಬ್ಯಾರೆ. ಹತ್ತಡಿ ಅಂದ್ರ ಸುಮಾರು 3 ಮೀಟರ್ ಅಂತರದ ಎರಡು ಗ್ವಾಡಿ ಇದ್ರ, 57 ಹರ್ಟ್ಜಿನ ಅಲೆಯ ಅರ್ಧ ಉದ್ದ ಸರಿಯಾಗಿ ಆ ನಡುವ ಕುಂದರ್ತೈತಿ, 343ನ್ನ 6ರಿಂದ ಭಾಗಿಸಿದ್ರ ಬರೋದು ಅದೇ. ಆ ಸ್ವರ ಗ್ವಾಡಿ ಹತ್ರ ದಂ ಅಂತೈತಿ, ರೂಮಿನ ನಟ್ಟ ನಡುವ ಇಲ್ಲವೇ ಇಲ್ಲ ಅನ್ನಂಗ ಆಗ್ತೈತಿ. ಡೊಳ್ಳು, ತಬಲಾದ ಡಗ್ಗಾ ಇಂಥವು ಸಣ್ಣ ರೂಮಿನಾಗ ಒಂದ್ ಕಡೆ ಗುಂಯ್ ಅನ್ನೋದು, ಇನ್ನೊಂದ್ ಕಡೆ ಸತ್ತಂಗ ಕೇಳೋದು ಇದಕ್ಕ. ದುಡ್ಡು ಕೊಟ್ಟು ಪ್ಲಗಿನ್ (ಕಂಪ್ಯೂಟರಿನಾಗ ಶಬ್ದ ತಿದ್ದೋ ಸಣ್ಣ ಸಾಫ್ಟ್‌ವೇರು) ತಗೊಂಡ್ರ ಇದು ಹೋಗಂಗಿಲ್ಲ, ಮೈಕನ್ನ ಎರಡು ಅಡಿ ಸರಿಸಿದ್ರ ಹೋಗ್ತೈತಿ.

ರೂಮು ಸರಿ ಮಾಡಾಕ ಎಲ್ಲಾರೂ ಮೊದ್ಲು ಮಾಡೋದು ಮೊಟ್ಟಿ ಟ್ರೇ ಅಂಟಿಸೋದು. ದಯವಿಟ್ಟು ಬ್ಯಾಡ. ತೆಳ್ಳನ ರಟ್ಟು ಅದು, ಶಬ್ದ ಹೀರೋವಷ್ಟು ದಪ್ಪ ಇಲ್ಲ, ಧೂಳಿಗೂ ಜಿರಳಿಗೂ ಮನಿ ಆಗ್ತೈತಿ ಅಷ್ಟ. ಶಬ್ದ ಹೀರಾಕ ಬೇಕಾಗೋದು ಗಾಳಿ ಆಡೋ, ಎಳೆ ಎಳೆಯಾಗಿರೋ, ದಪ್ಪನ ವಸ್ತು, ಗಾಳಿಯ ನಡುಗು ಆ ಎಳಿಗಳ ಸಂದಿಯಾಗ ತಿಕ್ಕಾಡಿ ಬಿಸಿಯಾಗಿ ಹೋಗ್ತೈತಿ. ಅಂಥದ್ದು ನಮ್ ಬಳ್ಳಾರಿಯಾಗ ಚೀಲಗಟ್ಟಲೆ ಬಿದ್ದೈತಿ, ಜೀನ್ಸ್ ಕಟಿಂಗ್ ವೇಸ್ಟು! ಹೊರದೇಶದಾಗ ಹಳೇ ಡೆನಿಮ್ಮನ್ನೇ ಹಿಂಜಿ ಗ್ವಾಡಿ ಒಳಗ ತುಂಬೋ ಹಾಸು ಮಾಡಿ ಮಾರ್ತಾರ, ನಾವು ಅದನ್ನ ಸುಡ್ತೀವಿ. ನಾಕು ಅಡಿ ಉದ್ದ, ಎರಡು ಅಡಿ ಅಗಲ, ನಾಕು ಇಂಚು ದಪ್ಪದ ಕಟ್ಟಿಗಿ ಚೌಕಟ್ಟು ಮಾಡಿ, ಹಿಂದ ಕೋಳಿ ಜಾಲರಿ ಬಡಿದು, ಒಳಗ ಚೂರು ಬಟ್ಟಿ ತುಂಬಬೇಕು, ಗಟ್ಟಿ ತುರುಕಬಾರ್ದು, ಕೈಯಿಂದ ಒತ್ತಿದ್ರ ಒಳಗ ಹೋಗಿ ವಾಪಸ್ ಉಬ್ಬಬೇಕು, ಮುಂದ ತೆಳ್ಳನ ಕಾಟನ್ ಬಟ್ಟಿ ಎಳೆದು ಪಿನ್ ಹೊಡದ್ರ ಆಯ್ತು. ಚೂರು ಸಣ್ಣ ಸಣ್ಣವೇ ಆಗ್ಬೇಕು, ದೊಡ್ಡ ತುಂಡು ಪದರ ಪದರ ಕೂತ್ರ ಹಲಗಿಯಂಗ ಆಗ್ತೈತಿ, ಶಬ್ದ ಒಳಗ ಹೋಗಂಗಿಲ್ಲ.

ನಾಕು ಇಂಚು ಯಾಕಂದ್ರ, ಒಂದು ಅಲೆಯ ಕಾಲು ಭಾಗದಷ್ಟು ದಪ್ಪ ಇದ್ರ ಆ ಸ್ವರವನ್ನ ಚೆನ್ನಾಗಿ ಹೀರ್ತೈತಿ, 10 ಸೆಂಟಿಮೀಟರ್ ದಪ್ಪಕ್ಕ ಅದು 850 ಹರ್ಟ್ಜಿನ ಆಸುಪಾಸು. ಗ್ವಾಡಿಗೆ ಅಂಟಿಸದೇ ಹಿಂದ ಇನ್ನೊಂದು ನಾಕು ಇಂಚು ಜಾಗ ಬಿಟ್ಟು ತೂಗು ಹಾಕಿದ್ರ 430ರ ತನಕ ಕೆಳಗ ಇಳಿತೈತಿ, ಜಾಗ ಫ್ರೀ, ಲಾಭ ಡಬಲ್. ಒಂದೇ ಕೌದಿ ಗ್ವಾಡಿಗೆ ಒತ್ತಿ ಕಟ್ಟಿದ್ರ ಬರೇ ಮ್ಯಾಲಿನ ಚುರುಕು ಸ್ವರ ಸಾಯ್ತಾವು, ಕೆಳಗಿನ ಗುಂಯ್ ಹಂಗೇ ಉಳಿತೈತಿ, ಅದಕ್ಕ ಕೌದಿನೂ ಒಂದೆರಡು ಗೇಣು ಮುಂದ ತೂಗು ಹಾಕ್ರಿ. ಬಟ್ಟಿ ಅಂದಮ್ಯಾಲ ಬೆಂಕಿ ಭಯ ಇದ್ದೇ ಇರ್ತೈತಿ, ಸ್ವಿಚ್ ಬೋರ್ಡು, ಬಲ್ಬು, ದೀಪದ ಹತ್ರ ಇಡೋದು ಬ್ಯಾಡ. ಮತ್ತ ಇದು ಹೊರಗಿನ ಗದ್ದಲ ತಡಿಯಂಗಿಲ್ಲ, ಗಣಿ ಲಾರಿ ಹೋದ್ರ ಕೇಳೇ ಕೇಳ್ತೈತಿ, ಅದಕ್ಕ ದಪ್ಪ ಗ್ವಾಡಿ, ಸಂದಿ ಇಲ್ಲದ ಬಾಗಿಲು ಬೇಕು. ನಮ್ ಬಜೆಟ್ಟಿನಾಗ ಅದಕ್ಕ ಔಷಧಿ ಒಂದೇ, ಬೆಳಗಿನ ಜಾವ ಎದ್ದು ರೆಕಾರ್ಡ್ ಮಾಡೋದು, ಆಗ ಫ್ಯಾನ್ ಬಂದ್ ಮಾಡಿದ್ರೂ ತಡಕೊಳ್ಳಾಕ ಆಗ್ತೈತಿ.

ಈಗ ಮೈಕ್ ಎಲ್ಲಿ ಇಡೋದು. ಇದಕ್ಕ ಹಳೇ ಕಾಲದ ಒಂದು ಸಂಗತಿ ಕೇಳ್ರಿ. 1902ರ ನವೆಂಬರಿನಾಗ ಕಲ್ಕತ್ತಾದಾಗ ಫ್ರೆಡ್ ಗೈಸ್‌ಬರ್ಗ್ ಅನ್ನೋ ಗ್ರಾಮಾಫೋನ್ ಕಂಪನಿಯವ್ರು ಗೌಹರ್ ಜಾನ್ ಹಾಡು ರೆಕಾರ್ಡ್ ಮಾಡಿದಾಗ ಮೈಕೇ ಇರ್ಲಿಲ್ಲ. ದೊಡ್ಡ ಕೊಳವಿ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡೋದು, ಆ ಗಾಳಿ ಹೊಡೆತಕ್ಕ ಸೂಜಿ ಅಲ್ಲಾಡಿ ಮೇಣದ ತಟ್ಟಿ ಮ್ಯಾಲ ಗೀರು ಬೀಳೋದು. ಕರೆಂಟಿನ ಮೈಕ್ ಇಟ್ಟು ರೆಕಾರ್ಡ್ ಮಾಡೋದು ವ್ಯಾಪಾರಕ್ಕ ಬಂದಿದ್ದು 1925ರಾಗ. ಅಲ್ಲಿ ತನಕ ಮಿಕ್ಸಿಂಗ್ ಅಂದ್ರ ಒಂದೇ, ಯಾರು ಕೊಳವಿಗೆ ಎಷ್ಟು ಹತ್ರ ಕುಂತಾರ ಅನ್ನೋದು. ಜೋರು ವಾದ್ಯ ಹಿಂದ, ಮೆತ್ತಗಿನದು ಮುಂದ.

ಹೈಸ್ಕೂಲಿನಾಗ ಇದನ್ನೇ ಮಾಡಿಸ್ಬೇಕು ಅಂತೀನಿ ನಾನು. ಭಜನಿ ಮ್ಯಾಳದ್ದು ನಾಕು ಮಂದಿ ಹುಡುಗ್ರನ್ನ ಕುಂದ್ರಿಸ್ರಿ, ಒಬ್ಬ ಹಾರ್ಮೋನಿಯಂ, ಒಬ್ಬ ತಬಲಾ, ಒಬ್ಬ ತಾಳ, ಒಬ್ಬಾಕಿ ಹಾಡು. ಫೋನ್ ಒಂದೇ, ಸ್ಟೂಲ್ ಮ್ಯಾಲ, ಹಾಡಾಕಿ ಬಾಯಿ ಎತ್ತರಕ್ಕ. ಮೊದಲ ಟೇಕಿನಾಗ ತಾಳ ಎಲ್ಲಾರನ್ನೂ ನುಂಗಿರ್ತೈತಿ, ಅದು ಸಹಜ, ಹಿತ್ತಾಳಿ ತಾಳದ ಚುರುಕು ಸ್ವರ ಮೈಕಿಗೆ ಸೀದಾ ನಾಟ್ತೈತಿ. ತಾಳದವನನ್ನ ಬಾಗಿಲ ತನಕ ಹಿಂದ ಕಳಿಸ್ರಿ. ದೂರ ಡಬಲ್ ಆದ್ರ ಸೀದಾ ಬರೋ ಶಬ್ದ 6 ಡೆಸಿಬಲ್ (ಶಬ್ದದ ಜೋರು ಅಳಿಯೋ ಮಾನ) ಇಳಿತೈತಿ, ಬಯಲಿನ ಲೆಕ್ಕ ಇದು, ರೂಮಿನಾಗ ಗ್ವಾಡಿ ವಾಪಸ್ ಕೊಡೋದ್ರಿಂದ ಸ್ವಲ್ಪ ಕಮ್ಮಿ. ಎರಡನೇ ಟೇಕಿಗೆ ಹಾರ್ಮೋನಿಯಂ ಜೋರಾತು ಅನ್ನಿಸ್ತೈತಿ, ಅದನ್ನ ಎರಡು ಅಡಿ ಹಿಂದ ಒಯ್ದು ಫೋನಿನ ಕಡೆ ಇದ್ದ ಅದರ ಬಾಯಿನ ಬ್ಯಾರೆ ಕಡೆ ತಿರುಗಿಸ್ರಿ. ಹಾಡಾಕಿ ಒಂದು ಗೇಣು ಮುಂದ ಬಂದ್ರ ಆಕಿ ದನಿ ದಪ್ಪ ಆಗ್ತೈತಿ, ತಬಲಾದ ಕೆಳಗ ಚಾಪಿ ಹಾಕಿದ್ರ ಬಂಡಿಕಲ್ಲಿನ ಖಣಖಣ ಕಮ್ಮಿ ಆಗ್ತೈತಿ. ಐದಾರು ಟೇಕ್ ಆಗೋದ್ರಾಗ ಒಂದೇ ಫೋನಿನಾಗ ಎಲ್ಲಾ ಅಳತಿಗೆ ಬಂದಿರ್ತೈತಿ, ಒಂದು ಬಟನ್ನೂ ಒತ್ತದೇ. ಈ ಒಂದು ಮಧ್ಯಾಹ್ನದಾಗ ಹುಡುಗ್ರಿಗೆ ಬರೋ ಕಿವಿ ವರ್ಷಗಟ್ಟಲೆ ಪ್ಲಗಿನ್ ತಿರುವಿದ್ರೂ ಬರಂಗಿಲ್ಲ.

ಇಷ್ಟಾದಮ್ಯಾಲ ಮೈಕ್ ಮಾತು. ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಾಗ ತೆಳ್ಳನ ಪೊರೆಗೆ ತಂತಿ ಸುರುಳಿ ಅಂಟಿರ್ತೈತಿ, ಸುತ್ತ ಅಯಸ್ಕಾಂತ, ಪೊರೆ ಅಲ್ಲಾಡಿದ್ರ ಸುರುಳಿಯಾಗ ಕರೆಂಟ್ ಹುಟ್ತೈತಿ, ಫ್ಯಾರಡೇ ಕಂಡುಹಿಡಿದ ತತ್ವ ಅದೇ. ಬಿದ್ರೂ ಎದ್ರೂ ತಡಕೊಳ್ತೈತಿ, ಹತ್ರದ ಶಬ್ದ ಮಾತ್ರ ಚೊಲೋ ಹಿಡಿತೈತಿ, ನಮ್ ರೂಮಿಗೆ ಇದೇ ಹೊಂದೋದು. ಮೈಕ್ ಸೆಟ್ಟಿನವ್ರ ಕೈಯಾಗ ಕಾಣೋ ಶ್ಯೂರ್ ಎಸ್‌ಎಂ58 ಈ ಜಾತಿದು, 1966ರಿಂದ ಐತಿ, ಡೂಪ್ಲಿಕೇಟ್ ಅಂತೂ ಪ್ಯಾಟಿ ತುಂಬಾ. ಇನ್ನೊಂದು ಕಂಡೆನ್ಸರ್, ಇದ್ರಾಗ ತೆಳ್ಳನ ಪೊರೆಗೂ ಅದರ ಹಿಂದಿನ ಗಟ್ಟಿ ಫಲಕಕ್ಕೂ ನಡುವಿನ ಅಂತರ ಬದಲಾಗಿ ಸಿಗ್ನಲ್ ಬರ್ತೈತಿ, ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಾಗೇ ಕಳಿಸೋ ಕರೆಂಟು) ಬೇಕು, ಉಸಿರಿನ ಎಳಿ ತನಕ ಹಿಡಿತೈತಿ, ಆದ್ರ ಪಕ್ಕದ ಮನಿ ಕುಕ್ಕರ್ ಸೀಟಿನೂ ಹಿಡಿತೈತಿ. ಗಿಲಾವು ಗ್ವಾಡಿ ರೂಮಿಗೆ ತುಟ್ಟಿ ಕಂಡೆನ್ಸರ್ ತಂದು "ಫೋನೇ ಚೊಲೋ ಇತ್ತಲ್ಲ" ಅನ್ನೋರನ್ನ ಭಾಳ ಮಂದಿನ್ನ ನೋಡೀನಿ. ಎರಡರಾಗೂ ಕಾರ್ಡಿಯಾಯ್ಡ್ ಅಂದ್ರ ಮುಂದಿಂದ ಜಾಸ್ತಿ, ಹಿಂದಿಂದ ಕಮ್ಮಿ ಕೇಳೋ ನಮೂನಿ ತಗೊಳ್ರಿ, ಮತ್ತ ಅದರ ಬೆನ್ನು ಗದ್ದಲದ ಕಡೆ ಇರ್ಲಿ. ಬಾಯಿಗೆ ತೀರಾ ಹತ್ರ ಹಿಡಿದ್ರ ಇಂಥ ಮೈಕಿನಾಗ ಬೇಸ್ ಉಬ್ಬತೈತಿ, ನಿರೂಪಕರು ಗಡಸು ದನಿ ಬರ್ಲಿ ಅಂತ ಮೈಕ್ ನುಂಗೋದು ಅದಕ್ಕೇ. ಹಾಡಿಗೆ ಒಂದು ಗೇಣು ದೂರ, ಸ್ವಲ್ಪ ಓರೆ, "ಪ" "ಬ" ಅಂದಾಗ ಗಾಳಿ ಬಡಿಯಂಗಿಲ್ಲ.

ಎರಡು ಮೈಕ್ ಇಟ್ರ ಡಬಲ್ ಚೊಲೋ ಬರ್ತೈತಿ ಅನ್ನೋದೂ ಸುಳ್ಳು. ಒಂದೇ ಶಬ್ದ ಒಂದು ಮೈಕಿಗಿಂತ ಇನ್ನೊಂದಕ್ಕ 34 ಸೆಂಟಿಮೀಟರ್ ದೂರ ಹೋಗಿ ಮುಟ್ಟಿದ್ರ 1 ಮಿಲಿಸೆಕೆಂಡ್ ತಡ, ಎರಡನ್ನೂ ಕೂಡಿಸಿದಾಗ 500 ಹರ್ಟ್ಜ್ ಹತ್ರ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಹೊಡದು ಹೋಗ್ತೈತಿ, 1500ಕ್ಕ ಮತ್ತೊಮ್ಮೆ, 2500ಕ್ಕ ಮತ್ತೊಮ್ಮೆ. ದನಿ ಪೈಪಿನಾಗ ಮಾತಾಡಿದಂಗ ಟೊಳ್ಳಾಗ್ತೈತಿ. ಇದಕ್ಕ ಹಳಬರ ಲೆಕ್ಕ ಮೂರಕ್ಕ ಒಂದು, ಹಾಡೋರಿಂದ ಮೈಕ್ ಒಂದು ಅಡಿ ದೂರ ಇದ್ರ ಪಕ್ಕದೋರ ಮೈಕ್ ಆ ಮೈಕಿನಿಂದ ಮೂರಡಿ ಆಚೆ ಇರ್ಲಿ.

ಲೆವೆಲ್ಲಿನ ವಿಷಯ ಸಣ್ಣದು, ಆದ್ರ ಕೆಡಸೋದು ದೊಡ್ಡದು. ಡಿಜಿಟಲ್‌ನಾಗ ಡೆಸಿಬಲ್ಲನ್ನ ಮ್ಯಾಲಿಂದ ಕೆಳಗ ಎಣಿಸ್ತಾರ, 0 ಡೆಸಿಬಲ್ಲೇ ಛಾವಣಿ, ಉಳಿದದ್ದು ಮೈನಸ್, ಅದಕ್ಕ ತಾಗಿದ್ರ ಅಲೆಯ ತಲಿ ಕಟ್ ಆಗಿ ಚರ್ ಅಂತೈತಿ, ಹೋದ ತಲಿ ವಾಪಸ್ ಬರಂಗಿಲ್ಲ. ಹಾಡೋರು ಟೆಸ್ಟಿಂಗಿನಾಗ ಮೆತ್ತಗ ಹಾಡಿ ರೆಕಾರ್ಡಿಂಗಿನಾಗ ಏರು ಸ್ವರಕ್ಕ ಹೋಗೇ ಹೋಗ್ತಾರ, ಹಂಗಾಗಿ ಅತಿ ಜೋರು ಜಾಗನೇ ಮೊದ್ಲು ಹಾಡಿಸಿ, ಅದು ಮೈನಸ್ 12 ದಾಟದಂಗ ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸೋ ಅಳತಿ) ಇಟ್ಟುಬಿಡ್ರಿ. ಫೋನಿನಾಗ ಇನ್ನೊಂದು ಕಾಟ ಐತಿ, ಅದು ತಾನಾಗೇ ಗೇನ್ ಏರಿಸಿ ಇಳಿಸ್ತೈತಿ, ಮ್ಯಾಲಿಂದ ಗದ್ದಲ ತೆಗಿತೀನಿ ಅಂತ ಒಂದೇ ಸಮ ನಡಿಯೋ ಶ್ರುತಿಪೆಟ್ಟಿಗಿ ದನಿನ್ನೇ ಫ್ಯಾನಿನ ಶಬ್ದ ಅಂದ್ಕೊಂಡು ಒರೆಸಿಬಿಡ್ತೈತಿ. ಫೋನ್ ಮಾಡಿದೋರು ಮಾತಿಗಂತ ಮಾಡ್ಯಾರ, ಭಜನಿಗಲ್ಲ. ಇದನ್ನ ಬಂದ್ ಮಾಡಾಕ ಬಿಡೋ, ವೇವ್ ಫೈಲ್ (ಹಿಂಡದೇ ಇಟ್ಟ ಶಬ್ದದ ಫೈಲು) ಕೊಡೋ ರೆಕಾರ್ಡರ್ ಆ್ಯಪ್ ಹುಡುಕಿ ಹಾಕ್ಕೊಳ್ರಿ.

ನಂಬರ್ ಮಾಡೋ ಭಾಗಕ್ಕ ಬರೋಣ. ಅಂಗಳದಾಗ ಚುಕ್ಕಿ ಇಟ್ಟು ರಂಗೋಲಿ ಎಳಿತಾರಲ್ಲ, ಹಂಗ ಕಂಪ್ಯೂಟರು ಅಲೆಯ ಎತ್ತರನ ಸೆಕೆಂಡಿಗೆ ಇಷ್ಟು ಸಲ ಅಂತ ಚುಕ್ಕಿ ಇಟ್ಟುಕೊಳ್ತೈತಿ, ಕೇಳೋವಾಗ ಆ ಚುಕ್ಕಿ ಮ್ಯಾಲ ಎಳೆ ಎಳಿತೈತಿ. ಎಷ್ಟು ಚುಕ್ಕಿ ಬೇಕು? ಹಿಡಿಬೇಕಾದ ಅತಿ ಮ್ಯಾಲಿನ ಸ್ವರದ ಡಬಲ್‌ಗಿಂತ ಜಾಸ್ತಿ, ನೈಕ್ವಿಸ್ಟ್, ಶಾನನ್ ಅನ್ನೋರ ಹೆಸರಿನಾಗ ಇರೋ ಲೆಕ್ಕ ಇದು. ಕಿವಿ ಮಿತಿ 20,000, ಅದರ ಡಬಲ್ 40,000, ಸ್ವಲ್ಪ ಅಂಚು ಬಿಟ್ಟು 1982ರಾಗ ಬಂದ ಸಿಡಿ 44,100 ಅಂತ ಇಟ್ಕೊಂತು, ವಿಡಿಯೋದೋರು 48,000. ಹಳೇ ಟೆಲಿಫೋನ್ ಲೈನು 8,000 ಅಷ್ಟ, ಅದಕ್ಕ ಫೋನಿನಾಗ "ಸ" ಯಾವ್ದು "ಫ" ಯಾವ್ದು ಗೊತ್ತಾಗ್ತಿರ್ಲಿಲ್ಲ. ಇನ್ನ ಪ್ರತಿ ಚುಕ್ಕಿಯ ಎತ್ತರನ ಎಷ್ಟು ಸಣ್ಣ ಅಳತಿಯಾಗ ಬರ್ಕೋಬೇಕು ಅನ್ನೋದು ಬಿಟ್. 16 ಬಿಟ್ಟಿಗೆ 65,536 ಮೆಟ್ಟಿಲು, ಸುಮಾರು 96 ಡೆಸಿಬಲ್ ಜಾಗ, 24 ಬಿಟ್ಟಿಗೆ ಲೆಕ್ಕದಾಗ 144. ಜಾಗ ಜಾಸ್ತಿ ಇರೋದ್ರಿಂದ್ಲೇ ಲೆವೆಲ್ ಕೆಳಗ ಇಟ್ರೂ ನಡಿತೈತಿ. ಸಿಡಿ ಗುಣಮಟ್ಟದ ಸ್ಟೀರಿಯೋಕ್ಕ ನಿಮಿಷಕ್ಕ ಸುಮಾರು 10 ಎಂಬಿ. 96,000, 192,000 ಅಂತ ಹಿಂದ ಬೀಳಬ್ಯಾಡ್ರಿ, ಮೆಮೊರಿ ಕಾರ್ಡ್ ತುಂಬ್ತೈತಿ, ಗ್ವಾಡಿ ಗುಂಯ್ ಹೋಗಂಗಿಲ್ಲ. ರೆಕಾರ್ಡ್ ಆದ ಫೈಲನ್ನ ವಾಟ್ಸಾಪಿನಾಗ ಕಳಿಸೋದಾದ್ರ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡ್ರಿ, ವಾಯ್ಸ್ ಮೆಸೇಜ್ ಆಗಿ ಮಾಡಿದ್ರ ಹಿಂಡಿ ಹಿಪ್ಪಿ ಮಾಡಿಬಿಡ್ತೈತಿ.

ಸಾಫ್ಟ್‌ವೇರಿಗೆ ಸ್ಕೂಲಿನ ಹಳೇ ಕಂಪ್ಯೂಟರ್ ಸಾಕು. ಆಡಾಸಿಟಿ 2000ದಿಂದ ಪುಕ್ಕಟೆ ಸಿಗ್ತೈತಿ, ಕಟ್ ಮಾಡೋದು, ಜೋಡಿಸೋದು, ಗದ್ದಲ ಕಮ್ಮಿ ಮಾಡೋದು ಎಲ್ಲಾ ಅದ್ರಾಗ ಐತಿ. ಗದ್ದಲ ತೆಗಿಯಾಕ ಅದಕ್ಕ ಖಾಲಿ ರೂಮಿನ ಸ್ಯಾಂಪಲ್ ಬೇಕು, ಹಾಡು ಶುರು ಆಗೋ ಮುಂಚೆ ಹತ್ತು ಸೆಕೆಂಡ್ ಎಲ್ಲಾರೂ ಉಸಿರು ಬಿಗಿ ಹಿಡಿದು ಸುಮ್ನಿರೋದು ರೂಢಿ ಮಾಡ್ಕೊಳ್ರಿ. ಸ್ವಲ್ಪ ಕೈ ಕುಂತಮ್ಯಾಲ ರೀಪರ್ ಅನ್ನೋ ಸಾಫ್ಟ್‌ವೇರ್ ನೋಡಬಹುದು, 60 ದಿನ ಟ್ರಯಲ್ ಕೊಡ್ತಾರ. ಟ್ರ್ಯಾಕ್ ಮ್ಯಾಲ ಟ್ರ್ಯಾಕ್, ಅಂದ್ರ ಮೊದ್ಲು ರೆಕಾರ್ಡ್ ಮಾಡಿದ್ದನ್ನ ಕೇಳ್ತಾ ಅದರ ಮ್ಯಾಲ ಹಾಡೋವಾಗ ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬ್ಯಾಡವೇ ಬ್ಯಾಡ, ಅದ್ರಾಗ ಶಬ್ದ ತಡವಾಗಿ ಬರ್ತೈತಿ, ತಾಳ ತಪ್ಪಿದ್ದು ತಮ್ಮದೇ ಅಂದ್ಕೊಂಡು ಹುಡುಗ್ರು ಅಳೋ ಮಾರಿ ಮಾಡ್ತಾರ. ವೈರಿಂದು ಹಾಕ್ರಿ. ಕೊಂಯ್ ಅಂತ ಒಂದೇ ಸಮ ಬರೋ ಹಮ್ ಇದ್ರ ಅದು ಕರೆಂಟಿನ 50 ಹರ್ಟ್ಜು ಮತ್ತ ಅದರ 100, 150, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನಡಿಸಿ ನೋಡ್ರಿ, ಎಷ್ಟೋ ಸಲ ಅಷ್ಟಕ್ಕೇ ಹೋಗ್ತೈತಿ.

ಆಡಾಸಿಟಿಯಾಗ ಅನಲೈಜ್ ಮೆನುವಿನ ಕೆಳಗ ಪ್ಲಾಟ್ ಸ್ಪೆಕ್ಟ್ರಮ್ ಅಂತ ಐತಿ, ಶಬ್ದದಾಗ ಯಾವ ಸ್ವರ ಎಷ್ಟು ಜೋರೈತಿ ಅಂತ ತೋರಿಸೋ ಗ್ರಾಫು, ನನಗಂತೂ ಇಡೀ ಸಾಫ್ಟ್‌ವೇರಿನಾಗ ಭಾಳ ಹಿಡಿಸಿದ್ದು ಅದು. ಹಲಗಿ (ತಮಟಿ) ಮ್ಯಾಲ ಒಂದು ಪೆಟ್ಟು, ತಬಲಾದ ಬಲಗಡಿ ಮ್ಯಾಲ ಒಂದು "ನಾ" ರೆಕಾರ್ಡ್ ಮಾಡಿ ಎರಡನ್ನೂ ಅದ್ರಾಗ ತೆಗೀರಿ. ಹಲಗಿದು ಶಿಖರಗಳು ಅಡ್ಡಾದಿಡ್ಡಿ ಬಂದಿರ್ತಾವು, ತಬಲಾದ್ದು ಹೆಚ್ಚೂ ಕಮ್ಮಿ ಸಮ ಅಂತರದಾಗ. ಬರೇ ತೊಗಲು ಬಿಗಿದ ವಾದ್ಯದಾಗ ಉಪಸ್ವರಗಳು (ಮೂಲ ಸ್ವರದ ಜೋಡಿ ಏಳೋ ಮ್ಯಾಲಿನ ಸ್ವರಗಳು) ಒಂದಕ್ಕೊಂದು ಹೊಂದಂಗಿಲ್ಲ, ಅದಕ್ಕ ಅದರಾಗ ಲಯ ಇರ್ತೈತಿ, ಶ್ರುತಿ ಅನ್ನೋದು ಇರಂಗಿಲ್ಲ. ತಬಲಾ, ಮೃದಂಗದ ನಡುವಿನ ಕರಿ ಲೇಪ ಆ ತೊಗಲಿನ ನಡುವಿಗೆ ಭಾರ ಕೊಟ್ಟು ಆ ಉಪಸ್ವರಗಳನ್ನ 1, 2, 3, 4, 5 ಅಂತ ಸಾಲಿಗೆ ತರ್ತೈತಿ. ಇದನ್ನ ತೋರಿಸಿಕೊಟ್ಟವ್ರು ಸಿ.ವಿ. ರಾಮನ್, 1920ರಾಗ ನೇಚರ್ ಪತ್ರಿಕೆಯಾಗ ಒಮ್ಮೆ, 1934ರಾಗ ವಿಸ್ತಾರವಾಗಿ ಇನ್ನೊಮ್ಮೆ ಬರೆದ್ರು. ಹಲಗಿಯವ್ರು ಬೆಂಕಿಗೆ ಕಾಸೋದೂ ಇದೇ ತೊಗಲಿನ ವಿಜ್ಞಾನ, ಪಸಿ ಆರಿ ಬಿಗಿ ಆದಂಗ ಸ್ವರ ಏರ್ತೈತಿ, ಕಾಸೋ ಮುಂಚೆ ಒಂದು, ಕಾಸಿದ ಮ್ಯಾಲ ಒಂದು ರೆಕಾರ್ಡ್ ಮಾಡಿದ್ರ ಶಿಖರ ಬಲಕ್ಕ ಸರಿದಿದ್ದು ಕಣ್ಣಿಗೇ ಕಾಣ್ತೈತಿ. ವಿಜ್ಞಾನ ಮೇಳಕ್ಕ ಜ್ವಾಲಾಮುಖಿ ಮಾಡಿದ್ದು ಸಾಕು, ಇದನ್ನ ಇಡ್ರಿ.

ಮಿಕ್ಸಿಂಗ್ ಬಗ್ಗೆ ಹೈಸ್ಕೂಲ್ ಮಟ್ಟಕ್ಕ ಜಾಸ್ತಿ ಹೇಳೋದಿಲ್ಲ. ದನಿಗೆ 80ರಿಂದ 100 ಹರ್ಟ್ಜ್ ಕೆಳಗಿಂದು ಕಟ್ ಮಾಡಿದ್ರ ಗುಡುಗುಡು ಹೋಗ್ತೈತಿ, 200ರಿಂದ 400ರ ನಡುವ ಸ್ವಲ್ಪ ತಗ್ಗಿಸಿದ್ರ ಮಬ್ಬು ತಿಳಿಯಾಗ್ತೈತಿ, ಏರಿಸೋದಕ್ಕಿಂತ ಇಳಿಸೋದು ಮೊದ್ಲು ಕಲೀರಿ. ಕಂಪ್ರೆಸರ್ ಜೋರು ಮೆತ್ತಗಿನ ನಡುವಿನ ಅಂತರ ಕಮ್ಮಿ ಮಾಡ್ತೈತಿ, ಜಾಸ್ತಿ ಆದ್ರ ಹಾಡಿನ ಉಸಿರು ಕಟ್ತೈತಿ. ಎಕೋ, ರಿವರ್ಬ್ (ದೊಡ್ಡ ರೂಮಿನಾಗ ಮೊಳಗಿದಂಗ ಮಾಡೋದು) ಅಂತೂ ಕೈ ಬಿಗಿ ಹಿಡೀರಿ, ನಮ್ ಕಡೆ ಅದೊಂದು ಚಟ. ಭಾಳ ಜೋರು ಮಾಡಿ ಅಪ್‌ಲೋಡ್ ಮಾಡಿದ್ರ ಉಪಯೋಗ ಇಲ್ಲ, ಯೂಟ್ಯೂಬು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಒಟ್ಟು ಜೋರು ಅಳಿಯೋ ಮಾನ) ತಾನೇ ಇಳಿಸಿಬಿಡ್ತೈತಿ.

ಏನು ರೆಕಾರ್ಡ್ ಮಾಡೋದು ಅಂತ ಕೇಳಿದ್ರ, ಸಿನಿಮಾ ಹಾಡಿನ ಕವರ್ ಮಾಡಾಕ ಊರ ತುಂಬಾ ಮಂದಿ ಅದಾರ. ಸಂಡೂರು ತಾಲೂಕಿನ ದರೋಜಿ ಈರಮ್ಮನವ್ರು ಬುರ್ರಕಥಾ ಹೇಳ್ತಿದ್ದವ್ರು, ಓದು ಬರಹ ಇರ್ಲಿಲ್ಲ, ಅವ್ರ ಬಾಯಾಗಿದ್ದ ಕಾವ್ಯಗಳನ್ನ ಹಂಪಿ ಕನ್ನಡ ವಿಶ್ವವಿದ್ಯಾಲಯ ಅಕ್ಷರಕ್ಕ ಇಳಿಸಿ ಪುಸ್ತಕ ಮಾಡೈತಿ, 2014ರಾಗ ತೀರಿಕೊಂಡ್ರು. ಅಷ್ಟು ಹೆಸರು ಬರದ ಅಜ್ಜಿಗಳು ನಮ್ ನಮ್ ಓಣ್ಯಾಗೇ ಅದಾರ, ಬೀಸೋ ಪದ, ಸೋಬಾನೆ, ತತ್ವಪದ ಹಾಡೋರು. ಹೋಗಿ ಕೇಳ್ರಿ, ರೆಕಾರ್ಡ್ ಮಾಡ್ಲೇನವ್ವ ಅಂತ ಮೊದ್ಲು ಕೇಳಬೇಕು, ಎಲ್ಲಿ ಹಾಕ್ತೀವಿ ಅಂತಾನೂ ಹೇಳಬೇಕು, ಒಲ್ಲೆ ಅಂದ್ರ ಬಿಡ್ಬೇಕು. ಬಟನ್ ಒತ್ತಿದ ಕೂಡ್ಲೇ ಹಾಡೋರ ಹೆಸರು, ಊರು, ತಾರೀಖು ಬಾಯಿಲೇ ಹೇಳಿಬಿಡ್ರಿ, ಹತ್ತು ವರ್ಷ ಆದಮ್ಯಾಲ ಫೈಲಿನ ಹೆಸರು ಅಳಿಸಿ ಹೋಗಿದ್ರೂ ಅದು ಒಳಗ ಇರ್ತೈತಿ. ಎರಡು ಕಾಪಿ, ಒಂದು ಸ್ಕೂಲಿನ ಕಂಪ್ಯೂಟರಿನಾಗ, ಒಂದು ಪೆನ್‌ಡ್ರೈವಿನಾಗ.

ತಂದಿ ತಾಯಿ ಕೇಳೋದು, ಇದು ಹೊಟ್ಟಿಗಾಕೈತೇನು ಅಂತ. ಎಂಟು ಒಂಬತ್ತರಾಗ ಕೈಯಾಡಿಸ್ಲಿ, ಎಸೆಸೆಲ್ಸಿ ವರ್ಷ ಭಾನುವಾರ ಒಂದು ತಾಸು ಸಾಕು, ಮುಂದ ಇದೇ ದಾರಿ ಅನ್ನೋರು ಫಿಸಿಕ್ಸು ಗಣಿತ ಬಿಡಬಾರ್ದು. ನಮ್ ಸರ್ಕಾರದ್ದೇ ಹೆಸರಘಟ್ಟದಾಗ ಫಿಲಂ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಐತಿ, ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಅಲ್ಲಿ ಆಗ್ತೈತಿ, ಡಿಗ್ರಿ ಆದೋರಿಗೆ ಪುಣೆ, ಕೋಲ್ಕತ್ತಾದ ಫಿಲಂ ಇನ್‌ಸ್ಟಿಟ್ಯೂಟ್ ಅದಾವು. 2009ರಾಗ ಸೌಂಡ್ ಮಿಕ್ಸಿಂಗಿಗೆ ಆಸ್ಕರ್ ತಗೊಂಡ ರಸೂಲ್ ಪೂಕುಟ್ಟಿ ಪುಣೆಯಾಗ ಓದಿದವ್ರು. ಅಷ್ಟು ದೂರ ಹೋಗದಿದ್ರೂ ಆಕಾಶವಾಣಿ ರಾಯಚೂರಾಗೂ ಐತಿ, ಬಳ್ಳಾರ್ಯಾಗೂ ಐತಿ, ಸ್ಕೂಲಿಂದ ಒಂದ್ ದಿನ ಪರ್ಮಿಷನ್ ತಗೊಂಡು ಸ್ಟುಡಿಯೋ ತೋರಿಸ್ಕೊಂಡ್ ಬರ್ರಿ, ಗ್ವಾಡಿ ಹೆಂಗ ಮಾಡ್ಯಾರ ಅಂತ ಕೈ ಮುಟ್ಟಿ ನೋಡ್ಲಿ ಹುಡುಗ್ರು. ಊರಾಗಿನ ಮೈಕ್ ಸೆಟ್ಟಿನವ್ರ ಕೂಡ ಎರಡು ಜಾತ್ರಿ ತಿರುಗಿದ್ರೂ ಕೇಬಲ್ ಸುತ್ತೋದು, ಸೋಲ್ಡರ್ ಹಿಡಿಯೋದು ಬರ್ತೈತಿ, ಅದನ್ನ ಯಾವ ಕೋರ್ಸಿನಾಗೂ ಅಷ್ಟು ಬೇಗ ಕಲಿಸಂಗಿಲ್ಲ.

ಆದ್ರ ಮೈಕ್ ಸೆಟ್ಟಿನವ್ರ ಜೋಡಿ ಹೋಗೋ ಹುಡುಗ್ರಿಗೆ ಕಿವಿ ವಿಷಯ ಹೇಳ್ಲೇಬೇಕು. ದಿನಕ್ಕ 85 ಡೆಸಿಬಲ್ ಶಬ್ದ ಎಂಟು ತಾಸು ತನಕ ಮಿತಿ ಅಂತ ಇಟ್ಟಾರ, ಪ್ರತಿ 3 ಡೆಸಿಬಲ್ ಏರಿದ್ರ ತಾಸು ಅರ್ಧ ಆಗ್ತಾ ಬರ್ತೈತಿ, 88ಕ್ಕ ನಾಕು ತಾಸು, 91ಕ್ಕ ಎರಡು, 100ಕ್ಕ ಬಂದ್ರ ಕಾಲು ತಾಸು ಅಷ್ಟ. ಗಣೇಶನ ಮೆರವಣಿಗಿ ಡಿಜೆ ಮುಂದ 100 ಅನ್ನೋದು ಏನೂ ಅಲ್ಲ. ಕಿವಿ ಒಳಗಿನ ಕೂದಲಿನಂಥ ಜೀವಕೋಶ ಒಮ್ಮೆ ಸತ್ರ ಮತ್ತ ಹುಟ್ಟಂಗಿಲ್ಲ, ಮೊದ್ಲು ಹೋಗೋದೂ ಮ್ಯಾಲಿನ ಸ್ವರಗಳೇ, ಅಂದ್ರ ಮಿಕ್ಸಿಂಗಿಗೆ ಬೇಕಾದವೇ. ಮೆಡಿಕಲ್ ಶಾಪಿನಾಗ ಮೆತ್ತನ ಇಯರ್‌ಪ್ಲಗ್ ಸಿಗ್ತಾವು, ರೊಕ್ಕ ಜಾಸ್ತಿ ಏನಿಲ್ಲ, ಉರುಳಿಸಿ ತೆಳ್ಳಗ ಮಾಡಿ, ಕಿವಿ ಮ್ಯಾಲಕ್ಕ ಎಳೆದು ಒಳಗ ಇಟ್ಟು, ಉಬ್ಬೋ ತನಕ ಬೆರಳು ಹಿಡಿದಿದ್ರ ಸರಿ ಕುಂದರ್ತಾವು. ಮೈಕ್ ತಗೊಳ್ಳೋ ಮುಂಚೆ ತಗೋಬೇಕಾದ್ದು ಏನಾದ್ರೂ ಇದ್ರ ಅದು ಇದು.